ಸ್ಪ್ರಿಂಗ್‌ಫೀಲ್ಡ್ ಚಳಿಯಲ್ಲಿ ಒಬಾಮಾ ಕಣಕ್ಕಿಳಿದ ದಿನ

ಒಬಾಮಾ ಅಧ್ಯಕ್ಷ ಚುನಾವಣೆಗೆ ಈಗಲೇ ನಿಲ್ಲಬೇಕಾ, ಇನ್ನೂ ಸ್ವಲ್ಪ ಕಾಯಬೇಕಾ? 2006ರ ಕೊನೆಯಲ್ಲಿ ಇಲಿನಾಯ್ ರಾಜ್ಯದಲ್ಲಿದ್ದ ನಮಗೆ ಊಟಕ್ಕೆ ಕೂತರೂ ಇದೇ ಮಾತು, ಕಾಫಿಗೆ ಕೂತರೂ ಇದೇ ಮಾತು. ಅವರು ನಮ್ಮ ರಾಜ್ಯದ ಸೆನೆಟರ್, ಅಂದರೆ ಅಮೆರಿಕದ ಸಂಸತ್ತಿನ ಮೇಲ್ಮನೆ ಸದಸ್ಯ. ವಯಸ್ಸು 45. ಸೆನೆಟ್‌ಗೆ ಹೋಗಿ ಎರಡು ವರ್ಷವೂ ತುಂಬಿರಲಿಲ್ಲ. ನಾನಾಗ ಎಚ್-1ಬಿ ವೀಸಾದಲ್ಲಿದ್ದೆ, ನನಗೆ ವೋಟು ಇರಲಿಲ್ಲ. ಬ್ಲೂಮಿಂಗ್ಟನ್‌ನಲ್ಲಿದ್ದ ಅಕ್ಕ-ಭಾವನಿಗೆ ಇತ್ತು. ಭಾವ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು, ಪೌರತ್ವ ಸಿಕ್ಕ ಮೇಲೆ ಒಂದು ಚುನಾವಣೆಯನ್ನೂ ಬಿಟ್ಟವರಲ್ಲ.

ಭಾವನಿಗೆ ಒಬಾಮಾ ಅಂದರೆ ಇಷ್ಟವೇ. 2004ರ ಜುಲೈನಲ್ಲಿ ಡೆಮಾಕ್ರಟಿಕ್ ಪಕ್ಷದ ಬಾಸ್ಟನ್ ಸಮಾವೇಶದಲ್ಲಿ ಒಬಾಮಾ ಮಾತಾಡಿದಾಗ ಟೀವಿ ಮುಂದೆ ನನ್ನನ್ನು ಕೂರಿಸಿದ್ದೇ ಅವರು. ಆದರೆ ಅಧ್ಯಕ್ಷ ಪದವಿ ಅಂದ ಕೂಡಲೇ ಅವರ ಮುಖ ಗಂಭೀರವಾಗುತ್ತಿತ್ತು. "ಎರಡು ವರ್ಷ ಆಗಿಲ್ಲ ಮಾರಾಯ. ಕೆಲಸ ಕಲಿಯೋದು ಬೇಡವಾ? 2016ಕ್ಕೆ ನಿಂತರೂ ಐವತ್ತೈದು ಆಗುತ್ತೆ ಅಷ್ಟೆ" ಅನ್ನುತ್ತಿದ್ದರು. ಇನ್ನೊಂದು ಮಾತೂ ಅವರಿಗೆ ಚುಚ್ಚಿತ್ತು. 2006ರ ಜನವರಿಯಲ್ಲಿ ಇದೇ ಒಬಾಮಾ ಆರು ವರ್ಷದ ಅವಧಿ ಪೂರ್ತಿ ಮುಗಿಸುತ್ತೇನೆ ಅಂತ ಟೀವಿಯಲ್ಲಿ ಹೇಳಿದ್ದರು. ಅಕ್ಟೋಬರ್‌ನಲ್ಲಿ ಅದೇ ಕಾರ್ಯಕ್ರಮಕ್ಕೆ ಬಂದು, ಯೋಚನೆ ಮಾಡ್ತಾ ಇದ್ದೀನಿ ಅಂದರು. ಕೊಟ್ಟ ಮಾತು ಅಲ್ವಾ ಅದು, ಅನ್ನೋದು ಭಾವನ ಪ್ರಶ್ನೆ.

ಅಕ್ಕನ ತಕರಾರು ಬೇರೆ, ಅದು ಇನ್ನೂ ಗಟ್ಟಿ. ಹಿಲರಿ ಕ್ಲಿಂಟನ್ ನಿಲ್ಲುವುದು ಬಹುತೇಕ ಖಚಿತವಾಗಿತ್ತು. "ಇಂದಿರಾ ಗಾಂಧಿ 1966ರಲ್ಲೇ ಪ್ರಧಾನಿ ಆದರು. ಇಲ್ಲಿ ಇನ್ನೂ ಒಬ್ಬ ಹೆಂಗಸೂ ಅಧ್ಯಕ್ಷೆ ಆಗಿಲ್ಲ. ಈಗ ಒಬ್ಬಳು ತಯಾರಾಗಿ ಬಾಗಿಲ ತನಕ ಬಂದಿದ್ದಾಳೆ, ಅಷ್ಟರಲ್ಲಿ ಇವನು ಬಂದು ಮುಂದೆ ನಿಲ್ಲಬೇಕಾ?" ಈ ಮಾತಿಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಭಾವನ ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇತ್ತು. ಸೆನೆಟ್‌ನಲ್ಲಿ ಜಾಸ್ತಿ ದಿನ ಇದ್ದಷ್ಟೂ ಅಧ್ಯಕ್ಷ ಆಗುವುದು ಸುಲಭ ಅಂತ ಚರಿತ್ರೆ ಹೇಳುವುದಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಸೆನೆಟ್‌ನಿಂದ ನೇರವಾಗಿ ಶ್ವೇತಭವನಕ್ಕೆ ಹೋದವರು ಇಬ್ಬರೇ, 1920ರಲ್ಲಿ ಹಾರ್ಡಿಂಗ್, 1960ರಲ್ಲಿ ಕೆನಡಿ. ಜಾನ್ ಕೆರಿ ಇಪ್ಪತ್ತು ವರ್ಷ ಸೆನೆಟ್‌ನಲ್ಲಿ ಇದ್ದವರು. 2004ರಲ್ಲಿ ಅಧ್ಯಕ್ಷ ಪದವಿಗೆ ನಿಂತಾಗ, ಅವರು ಸೆನೆಟ್‌ನಲ್ಲಿ ಹಿಂದೆ ಹಾಕಿದ್ದ ಒಂದೊಂದು ವೋಟನ್ನೂ ಎದುರಾಳಿಗಳು ಹೆಕ್ಕಿ ಹೆಕ್ಕಿ ಅವರ ಮೇಲೇ ಎಸೆದರು. ಇರಾಕ್ ಯುದ್ಧದ ವಿಷಯವನ್ನೇ ತಗೊಳ್ಳಿ. 2002ರ ಅಕ್ಟೋಬರ್‌ನಲ್ಲಿ ಯುದ್ಧಕ್ಕೆ ಒಪ್ಪಿಗೆ ಕೊಡುವ ನಿರ್ಣಯಕ್ಕೆ ಕೆರಿ ಹೌದು ಅಂದರು, ಹಿಲರಿ ಕೂಡ ಹೌದು ಅಂದರು. ಅದೇ ತಿಂಗಳ 2ನೇ ತಾರೀಕು ಶಿಕಾಗೋದ ಒಂದು ಸಭೆಯಲ್ಲಿ, ಆಗಿನ್ನೂ ರಾಜ್ಯದ ಶಾಸಕರಷ್ಟೇ ಆಗಿದ್ದ ಒಬಾಮಾ, ಈ ಯುದ್ಧ ಬೇಡ ಅಂತ ಬಹಿರಂಗವಾಗಿ ಹೇಳಿದ್ದರು. ಮಹಾ ಅನುಭವ ಇದ್ದವರಿಗೆ ಕಾಣದೆ ಹೋದದ್ದು ಇವರಿಗೆ ಕಂಡಿತ್ತಲ್ಲ ಭಾವ, ಅಂತ ನಾನು.

2007ರ ಜನವರಿ 16ಕ್ಕೆ ಒಬಾಮಾ ಮೊದಲ ಹೆಜ್ಜೆ ಇಟ್ಟರು, 20ಕ್ಕೆ ಹಿಲರಿ. ಫೆಬ್ರವರಿ 10, ಶನಿವಾರ, ಸ್ಪ್ರಿಂಗ್‌ಫೀಲ್ಡ್‌ನ ಹಳೆಯ ರಾಜ್ಯ ಶಾಸನಸಭೆ ಕಟ್ಟಡದ ಮುಂದೆ ಒಬಾಮಾ ಅಧಿಕೃತವಾಗಿ ಘೋಷಣೆ ಮಾಡುತ್ತಾರೆ ಅಂತ ಸುದ್ದಿ ಬಂತು. ಬ್ಲೂಮಿಂಗ್ಟನ್‌ನಿಂದ ಹೆಚ್ಚುಕಮ್ಮಿ ಒಂದು ಗಂಟೆಯ ದಾರಿ. ಹೋಗೋಣ ಅಂದೆ. ಭಾವ ಒಪ್ಪಿದರು, ಅಕ್ಕ ಅಂತೂ ಮೊದಲೇ ಸ್ವೆಟರ್ ತೆಗೆದಿಟ್ಟಿದ್ದಳು. ನಾನು ವೋಟು ಹಾಕಲ್ಲ, ನೋಡೋಕೆ ಬರ್ತೀನಿ ಅಷ್ಟೆ ಅಂದಳು.

ಕತ್ತಲಿರುವಾಗಲೇ ಹೊರಟೆವು. ಹೈವೇಯ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳದ ಹೊಲ. ಕೊಯ್ದು ಉಳಿದ ಕೂಳೆ ಹಿಮದ ಮೇಲೆ ಸಾಲುಸಾಲಾಗಿ ಚುಚ್ಚಿಕೊಂಡಿತ್ತು. ಊರೊಳಗೆ ಎಲ್ಲೋ ದೂರದಲ್ಲಿ ಕಾರು ನಿಲ್ಲಿಸಿ ಇಳಿದಾಗ ಉಸಿರು ಮೂಗಿನಲ್ಲೇ ಗಟ್ಟಿಯಾದ ಹಾಗಾಯಿತು. ಸೊನ್ನೆಗಿಂತ ಸುಮಾರು ಹತ್ತು ಡಿಗ್ರಿ ಕೆಳಗೆ. ಆ ಚಳಿಯಲ್ಲೂ ಜನ ಬರುತ್ತಲೇ ಇದ್ದರು, ಕಂಬಳಿ ಹೊದ್ದ ಮುದುಕರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡ ಅಪ್ಪಂದಿರು, ಮುಖಕ್ಕೆ ಬಣ್ಣ ಬಳಿದುಕೊಂಡ ಕಾಲೇಜು ಹುಡುಗರು. ಹದಿನೈದು ಸಾವಿರಕ್ಕೂ ಜಾಸ್ತಿ ಜನ ಸೇರಿದ್ದರು ಅಂತ ಆಮೇಲೆ ಓದಿದೆವು.

ನಮ್ಮ ಪಕ್ಕ ಒಬ್ಬ ಕಪ್ಪು ಅಜ್ಜಿ ನಿಂತಿದ್ದರು. ಅಕ್ಕನ ಕೈ ನಡುಗುವುದನ್ನು ನೋಡಿ, ತಮ್ಮ ಕೋಟಿನ ಜೇಬಿಂದ ಉಜ್ಜಿದರೆ ಬಿಸಿಯಾಗುವ ಪುಟ್ಟ ಪೊಟ್ಟಣ ತೆಗೆದು ಅಕ್ಕನ ಕೈಗವಸಿನ ಒಳಗೆ ತಾವೇ ತುರುಕಿದರು, ನಮ್ಮಮ್ಮ ಮಾಡುತ್ತಿದ್ದಳಲ್ಲ ಹಾಗೆ, ಕೇಳದೆಯೇ. ಮಾತಿಗೆ ಮಾತು ಬೆಳೆಯಿತು. ಒಬಾಮಾ ನಿಲ್ಲುವುದೇ ಬೇಡ ಅಂತ ಅವರು ದೇವರಲ್ಲಿ ಬೇಡಿಕೊಂಡಿದ್ದರಂತೆ. ಅನುಭವದ ವಿಷಯಕ್ಕಲ್ಲ. ಬದುಕಿ ಉಳಿಯಲಿ ಅಂತ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ಚುನಾವಣೆಗೆ ನಿಂತಿದ್ದ ರಾಬರ್ಟ್ ಕೆನಡಿ, ಇಬ್ಬರನ್ನೂ ಗುಂಡಿಟ್ಟು ಕೊಂದ ಆ ವರ್ಷ ಅವರ ಮೈಯಲ್ಲೇ ಇತ್ತು. ಈ ಊರಿನ ಕಥೆ ಗೊತ್ತಾ ನಿಮಗೆ ಅಂತ ಕೇಳಿದರು. ಲಿಂಕನ್ ಊರು ಅಂತ ಗೊತ್ತು ಅಂದೆವು. ಅವರು ತಲೆ ಅಲ್ಲಾಡಿಸಿ 1908ರ ಕಥೆ ಹೇಳಿದರು. ಇದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬಿಳಿಯರ ಗುಂಪು ಕಪ್ಪು ಜನರ ಮನೆ ಅಂಗಡಿಗಳಿಗೆ ಬೆಂಕಿ ಇಟ್ಟು, ಇಬ್ಬರನ್ನು ನೇಣು ಹಾಕಿತ್ತು. ಅದರ ಬಿಸಿಗೇ ಮರುವರ್ಷ, ಕಪ್ಪು ಜನರ ಹಕ್ಕಿಗೆ ಹೋರಾಡುವ ಎನ್‌ಎಎಸಿಪಿ ಸಂಘಟನೆ ಹುಟ್ಟಿದ್ದು. ಹಾಗಾದರೆ ಈಗ ಯಾಕೆ ಬಂದಿರಿ ಅಂತ ಅಕ್ಕ ಮೆಲ್ಲಗೆ ಕೇಳಿದಳು. ಹುಡುಗ ನಿಲ್ತೀನಿ ಅಂತ ಹಟ ಹಿಡಿದ ಮೇಲೆ ಮನೆಯವರು ಬರದೆ ಇರೋಕಾಗುತ್ತಾ, ಅಂದರು.

ನಮ್ಮ ವಾದದಲ್ಲಿ ಈ ಭಯಕ್ಕೆ ಜಾಗವೇ ಇರಲಿಲ್ಲ. ಎರಡು ವರ್ಷ ಸಾಕಾ, ಆರು ವರ್ಷ ಬೇಕಾ ಅಂತ ನಾವು ಲೆಕ್ಕ ಹಾಕುತ್ತಿದ್ದೆವು, ಈ ಅಜ್ಜಿ ಬೇರೆಯೇ ಲೆಕ್ಕ ಹಿಡಿದು ಬಂದಿದ್ದರು.

ಹೆಂಡತಿ ಮಿಶೆಲ್, ಇಬ್ಬರು ಪುಟ್ಟ ಹೆಣ್ಣುಮಕ್ಕಳ ಜೊತೆ ಒಬಾಮಾ ವೇದಿಕೆಗೆ ಬಂದರು. ಕಪ್ಪು ಓವರ್‌ಕೋಟು, ತಲೆ ಮೇಲೆ ಟೋಪಿ ಇಲ್ಲ. ಹಿಂದೆ ಕಲ್ಲಿನ ಕಂಬಗಳ ಆ ಕಟ್ಟಡ. 1858ರಲ್ಲಿ ಲಿಂಕನ್ ಒಡೆದ ಮನೆ ನಿಲ್ಲಲಾರದು ಅಂತ ಹೇಳಿದ್ದು ಅಲ್ಲೇ. ಒಬಾಮಾ ಭಾಷಣದ ನಡುವೆ ಭಾವನ ಪ್ರಶ್ನೆಯನ್ನು ತಾವೇ ಎತ್ತಿಕೊಂಡರು. ನಾನು ಹೀಗೆ ಬಂದು ನಿಲ್ಲುವುದು ಸ್ವಲ್ಪ ಅತಿಯಾಯಿತು ಅಂತ ಅನಿಸಬಹುದು, ವಾಷಿಂಗ್ಟನ್ ರೀತಿನೀತಿ ಕಲಿಯಲು ನಾನು ಹೆಚ್ಚು ಕಾಲ ಕಳೆದಿಲ್ಲ ನಿಜ, ಆದರೆ ಆ ರೀತಿನೀತಿ ಬದಲಾಗಲೇಬೇಕು ಅಂತ ತಿಳಿಯುವಷ್ಟು ಕಾಲ ಅಲ್ಲಿದ್ದೇನೆ, ಅನ್ನುವ ಅರ್ಥದ ಮಾತು. ಜನ ಕೂಗಿದರು. ಕೈಗವಸು ಹಾಕಿದ ಸಾವಿರಾರು ಕೈಗಳ ಚಪ್ಪಾಳೆ ಧಬ್ ಧಬ್ ಅಂತ ಕೇಳುತ್ತಿತ್ತು. ಭಾವ ಚಪ್ಪಾಳೆ ಹೊಡೆಯಲಿಲ್ಲ, ಕಿವಿಗೊಟ್ಟು ಕೇಳುತ್ತಿದ್ದರು.

ವಾಪಸ್ ಬರುವಾಗ ಕಾರಿನಲ್ಲಿ ಹೀಟರ್ ಹಾಕಿಕೊಂಡು, ಅಕ್ಕ ತಂದಿದ್ದ ಚಿತ್ರಾನ್ನ ತಿನ್ನುತ್ತಾ ವಾದ ಮತ್ತೆ ಶುರುವಾಯಿತು. ಲಿಂಕನ್ ಇಲಿನಾಯ್ ಶಾಸನಸಭೆಯಲ್ಲಿ ಎಂಟು ವರ್ಷ, ಇಲ್ಲಿನ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಒಂದೇ ಅವಧಿ. ಒಬಾಮಾ ಕೂಡ ಹತ್ತಿರಹತ್ತಿರ ಎಂಟು ವರ್ಷ ಇಲ್ಲೇ ರಾಜ್ಯದಲ್ಲಿ ದುಡಿದವರು. ಲಿಂಕನ್‌ಗಿಂತ ಮುಂಚೆ ಅಧ್ಯಕ್ಷರಾಗಿದ್ದ ಬ್ಯುಕ್ಯಾನನ್ ಎರಡೂ ಸದನ, ವಿದೇಶಾಂಗ ಮಂತ್ರಿ, ರಷ್ಯಾ ಮತ್ತು ಬ್ರಿಟನ್‌ನಲ್ಲಿ ರಾಯಭಾರಿ, ಇಷ್ಟೆಲ್ಲ ಆಗಿಯೂ ದೇಶ ಒಡೆಯುವುದನ್ನು ನೋಡುತ್ತಾ ಕೂತರು. ಇದನ್ನೆಲ್ಲ ಹೇಳಿದೆ. "ಲಿಂಕನ್ ಒಬ್ಬನೇ ಕಣೋ. ಎಲ್ಲರನ್ನೂ ಅವನಿಗೆ ಹೋಲಿಸಬೇಡ" ಅಂದರು ಭಾವ. ಆ ಮಾತು ಸರಿ.

ಆಮೇಲೆ ಅವರೇ ನಮ್ಮೂರಿನ ವಿಷಯ ತೆಗೆದರು. ಕರ್ನಾಟಕದಲ್ಲಿ ಆಗ ಕುಮಾರಸ್ವಾಮಿ ಮುಖ್ಯಮಂತ್ರಿ. 2004ರಲ್ಲಿ ಮೊದಲ ಸಲ ಶಾಸಕರಾಗಿ, 2006ರ ಫೆಬ್ರವರಿಯಲ್ಲೇ ಮುಖ್ಯಮಂತ್ರಿ. "ಅಲ್ಲೂ ಎರಡು ವರ್ಷ, ಇಲ್ಲೂ ಎರಡು ವರ್ಷ. ಏನು ವ್ಯತ್ಯಾಸ ಹೇಳು."

ವ್ಯತ್ಯಾಸ ಇದೆ. ನನ್ನ ಇಡೀ ವಾದ ನಿಂತಿರುವುದೇ ಅದರ ಮೇಲೆ. ನಮ್ಮಲ್ಲಿ ಮುಖ್ಯಮಂತ್ರಿ ಯಾರು ಅನ್ನುವುದು ಶಾಸಕರ ಲೆಕ್ಕಾಚಾರದಲ್ಲಿ, ಮೈತ್ರಿಯಲ್ಲಿ, ಹೈಕಮಾಂಡ್ ಲಕೋಟೆಯಲ್ಲಿ ತೀರ್ಮಾನವಾಗುತ್ತೆ. ಇಲ್ಲಿ ಒಬಾಮಾ ಅವತ್ತೇ ಸ್ಪ್ರಿಂಗ್‌ಫೀಲ್ಡ್‌ನಿಂದ ಪಕ್ಷದ ಅಭ್ಯರ್ಥಿ ಆಯ್ಕೆಗೆ ಆಗ ಎಲ್ಲಕ್ಕಿಂತ ಮೊದಲು ಮತ ಹಾಕುತ್ತಿದ್ದ ಐಯೊವಾ ರಾಜ್ಯಕ್ಕೆ ಹೋದರು. ಮುಂದಿನ ಹನ್ನೊಂದು ತಿಂಗಳು ಅಲ್ಲಿನ ಶಾಲೆಯ ಜಿಮ್‌ಗಳಲ್ಲಿ, ಜನರ ಮನೆಯ ಹಾಲ್‌ಗಳಲ್ಲಿ ನಿಂತು ರೈತರ, ನಿವೃತ್ತ ಮೇಷ್ಟ್ರುಗಳ ಪ್ರಶ್ನೆಗೆ ಉತ್ತರ ಕೊಡಬೇಕು. ಪಕ್ಷದಲ್ಲೇ ಎಲ್ಲರಿಗಿಂತ ಹೆಚ್ಚು ಪಳಗಿದ ಎದುರಾಳಿಯ ಜೊತೆ ಒಂದೇ ವೇದಿಕೆಯಲ್ಲಿ ನಿಂತು ವಾದ ಮಾಡಬೇಕು. ಎಡವಿದರೆ ಜನವರಿಯಲ್ಲೇ ಮನೆಗೆ. ತಯಾರಿದ್ದಾನಾ ಇಲ್ವಾ ಅಂತ ನಾವು ಬ್ಲೂಮಿಂಗ್ಟನ್‌ನಲ್ಲಿ ಕೂತು ಹೇಳುವುದಲ್ಲ. ಅದನ್ನು ಪರೀಕ್ಷೆ ಮಾಡುವುದಕ್ಕೇ ಇಷ್ಟು ಉದ್ದದ ದಾರಿ ಇಟ್ಟಿದ್ದಾರೆ. ಸಂವಿಧಾನ ಕೇಳುವುದು 35 ವರ್ಷ ವಯಸ್ಸು, ಹುಟ್ಟಿನಿಂದ ಪೌರತ್ವ, 14 ವರ್ಷದ ವಾಸ, ಅಷ್ಟೆ. ಉಳಿದದ್ದನ್ನು ಕೇಳುವವರು ವೋಟುದಾರರು. ಆ ಪರೀಕ್ಷೆಗೆ ಕೂರುತ್ತೇನೆ ಅನ್ನುವವರನ್ನು ನೀನಿನ್ನೂ ಚಿಕ್ಕವನು ಅಂತ ಬಾಗಿಲಲ್ಲೇ ತಡೆಯುವುದು ನನಗೆ ಸರಿ ಕಾಣಲಿಲ್ಲ.

ಮೇ ತಿಂಗಳಲ್ಲಿ ಒಬಾಮಾಗೆ ಸೀಕ್ರೆಟ್ ಸರ್ವಿಸ್ ಕಾವಲು ಕೊಟ್ಟರು. ಅಷ್ಟು ಬೇಗ ಯಾವ ಅಭ್ಯರ್ಥಿಗೂ ಕೊಟ್ಟಿರಲಿಲ್ಲವಂತೆ. ಸುದ್ದಿ ಬಂದ ದಿನ ಅಕ್ಕ ನನಗೆ ಫೋನ್ ಮಾಡಿದಳು. ಆ ಅಜ್ಜಿ ನೆನಪಾದರು ಕಣೋ, ಅಂದಳು.

2008ರ ಜನವರಿ 3ಕ್ಕೆ ಐಯೊವಾ ಗೆದ್ದರು. ಫೆಬ್ರವರಿ 5ರ ಇಲಿನಾಯ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಅಕ್ಕ ಹಿಲರಿಗೇ ಹಾಕಿದಳು. ಹೇಳಿದ ಹಾಗೇ ಮಾಡಿದಳು, ಅದಕ್ಕೆ ನನಗೆ ಅವಳ ಮೇಲೆ ಗೌರವ. ಭಾವ ಒಬಾಮಾಗೆ ಹಾಕಿದರು. ಮನಸ್ಸು ಬದಲಾಯಿಸಿದ್ದು ಯಾವುದು ಅಂತ ಕೇಳಿದೆ. ವರ್ಷ ಪೂರ್ತಿ ನೋಡಿದೆನಲ್ಲ, ಅಂದರು.

ಆದರೂ ಅವರು ಪೂರ್ತಿ ಒಪ್ಪಿದವರಲ್ಲ. 2010ರ ನವೆಂಬರ್‌ನಲ್ಲಿ ಒಬಾಮಾ ಪಕ್ಷ ಕೆಳಮನೆಯಲ್ಲಿ 63 ಸೀಟು ಕಳಕೊಂಡಾಗ, ಇನ್ನೊಂದು ನಾಲ್ಕು ವರ್ಷ ಸೆನೆಟ್‌ನಲ್ಲಿದ್ದು ಆ ಜನರ ಜೊತೆ ಪಳಗಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಹೇಳಿದರು. ಅದರಲ್ಲಿ ಹುರುಳಿದೆ. ಆದರೆ ಕಾದಿದ್ದರೆ ಆರೋಗ್ಯ ವಿಮೆಯ ಕಾನೂನು ಬರುತ್ತಿತ್ತಾ? ಸೆನೆಟ್‌ನಲ್ಲಿ ಅದಕ್ಕೆ ಬೇಕಿದ್ದ 60 ವೋಟು ಇದ್ದದ್ದು ಕೆಲವೇ ತಿಂಗಳು. 2009ರ ಡಿಸೆಂಬರ್ 24ಕ್ಕೆ ಸರಿಯಾಗಿ 60 ಬಿತ್ತು, ಮರುತಿಂಗಳೇ ಒಂದು ಸೀಟು ಕೈತಪ್ಪಿತು. ಆ ಕಾನೂನಿನಿಂದಲೇ 26 ವರ್ಷದವರೆಗೆ ಮಕ್ಕಳು ಅಪ್ಪ-ಅಮ್ಮನ ವಿಮೆಯಲ್ಲಿ ಇರಬಹುದಾಯಿತು. ಕಾಲೇಜು ಮುಗಿಸಿ ಕೆಲಸ ಸಿಗದೆ ಕೂತಿದ್ದ ಅಕ್ಕನ ಮಗಳು ಭಾವನ ವಿಮೆಯಲ್ಲೇ ಮುಂದುವರಿದಳು. ಇದನ್ನು ನೆನಪಿಸಿದರೆ, ಅದೂ ನಿಜ ಅನ್ನುತ್ತಾರೆ ಭಾವ, ಅಂದು ಮತ್ತೆ ಆ 63 ಸೀಟಿನ ಲೆಕ್ಕಕ್ಕೇ ಬರುತ್ತಾರೆ.