ಸಿಹಿಗೆ ಉಪ್ಪಿನ ನೆರವು

ಮನೆಯಲ್ಲಿ ಅಡುಗೆ ಮಾಡುವವರು ಪರಸ್ಪರ ಪಾಕವಿಧಾನಗಳನ್ನು ಹಂಚಿಕೊಳ್ಳುವಾಗ ಪದಾರ್ಥಗಳ ಪಟ್ಟಿಯನ್ನು ತಪ್ಪದೆ ಬರೆದುಕೊಡುತ್ತಾರೆ. ಆದರೆ ಯಾವ ಹಂತದಲ್ಲಿ ರುಚಿ ನೋಡಬೇಕು, ರುಚಿ ಸಾಲದಿದ್ದರೆ ಏನನ್ನು ಸೇರಿಸಬೇಕು ಎಂಬುದು ಹೆಚ್ಚಾಗಿ ಬರೆಯದೆಯೇ ಉಳಿದುಬಿಡುತ್ತದೆ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದೇ.

ಸಿಹಿ ತಿನಿಸಿಗೆ ಚಿಟಿಕೆ ಉಪ್ಪು ಹಾಕಿದಾಗ ಅದು ಕಹಿಯನ್ನು ಅಡಗಿಸುವುದರಿಂದ, ಸಕ್ಕರೆಯನ್ನು ಹೆಚ್ಚಿಸದೆಯೇ ಸಿಹಿ ಎದ್ದು ತೋರುತ್ತದೆ. ಹುಳಿ ಮುಂದಾದ ಅಡುಗೆಗೆ ಸ್ವಲ್ಪ ಸಕ್ಕರೆ ಬೆರೆಸಿದರೆ ಹುಳಿಯ ತೀಕ್ಷ್ಣತೆ ತಗ್ಗಿದಂತೆ ಅನಿಸುತ್ತದೆಯಾದರೂ ಅದರಲ್ಲಿರುವ ಆಮ್ಲವೇನೂ ಕಡಿಮೆಯಾಗುವುದಿಲ್ಲ. ನಾಲಿಗೆಗೆ ಮಾತ್ರ ಅದು ಮೃದುವಾಗುತ್ತದೆ. ಉಪ್ಪು ಮಿತಿಮೀರಿದಾಗ ಸಕ್ಕರೆ ಸುರಿಯುವ ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಉಪ್ಪಿಲ್ಲದ ಪದಾರ್ಥಗಳನ್ನು ಸೇರಿಸಿ ಅಡುಗೆಯ ಪ್ರಮಾಣವನ್ನೇ ಹೆಚ್ಚಿಸುವುದು ಸರಿಯಾದ ದಾರಿ. ಕುದಿದು ಗಟ್ಟಿಯಾಗಬೇಕಾದ ಅಡುಗೆಯಲ್ಲಿ ನೀರು ಆವಿಯಾದಂತೆ ಉಪ್ಪಿನ ರುಚಿ ತೀವ್ರವಾಗುವುದರಿಂದ, ಉಪ್ಪಿನ ಬಹುಭಾಗವನ್ನು ಕೊನೆಗೆ ಹಾಕುವುದು ಕ್ಷೇಮ.

ಪಾಕವಿಧಾನವನ್ನು ಇನ್ನೊಬ್ಬರಿಗೆ ಕೊಡುವಾಗ ದಯವಿಟ್ಟು ಉಪ್ಪನ್ನು ಗ್ರಾಂಗಳಲ್ಲಿ ಬರೆಯಿರಿ, ಏಕೆಂದರೆ ಒಂದು ಚಮಚ ಪುಡಿ ಉಪ್ಪಿನ ತೂಕವೂ ಒಂದು ಚಮಚ ಹರಳುಪ್ಪಿನ ತೂಕವೂ ಒಂದೇ ಆಗಿರುವುದಿಲ್ಲ. ಬಡಿಸುವುದು ಬಿಸಿಯಾಗಿಯೋ ತಣ್ಣಗೋ ಎಂಬುದನ್ನೂ ತಿಳಿಸಬೇಕು: ತಣ್ಣಗಿರುವಾಗ ಸಿಹಿ ಮಂದವಾಗುವುದರಿಂದ, ತಣ್ಣಗೆ ತಿನ್ನುವ ತಿನಿಸಿನ ಮಿಶ್ರಣವು ಬಿಸಿಯಿರುವಾಗ ತುಸು ಹೆಚ್ಚೇ ಸಿಹಿಯಾಗಿರಬೇಕಾಗುತ್ತದೆ.