ಸುಲಿದು ಎಸೆದ 16 ಬೈಟ್

ತಿಪಟೂರಿನಲ್ಲಿ ನನ್ನ ಸೋದರಮಾವನ ಮುದ್ರಣಾಲಯವಿದೆ. ಅಲ್ಲಿನ ಹಳೆಯ ಕೆಲಸವೆಲ್ಲ, ಲಗ್ನಪತ್ರಿಕೆಯಿಂದ ಸ್ಮರಣ ಸಂಚಿಕೆಯವರೆಗೆ, ನುಡಿ ಫಾಂಟಿನಲ್ಲಿದೆ. ಅದನ್ನು ಯೂನಿಕೋಡ್‌ಗೆ ತರಲೆಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಪರಿವರ್ತಕ ಬರೆದೆ. ಸುಲಭದ ಕೆಲಸವಲ್ಲ. ನುಡಿಯ ಹಳೆಯ ಕಡತದಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲೇ ಕುಳಿತಿರುತ್ತವೆ. ‘ಆಶೀರ್ವಾದ’ದಲ್ಲಿ ‘ವಾ’ ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವಂತೆ ‘ರ್’ ಮುಂದೆ ಬರಬೇಕು. ಇಂಥ ನಿಯಮಗಳು, ಉದ್ದನೆಯ ಅಕ್ಷರ ಕೋಷ್ಟಕ, ತಪ್ಪು ಹಿಡಿಯಲು ಪದಗಳ ಪಟ್ಟಿ ಎಲ್ಲ ಸೇರಿ ಐದು ಮಾಡ್ಯೂಲ್‌ಗಳಾದವು, ಅಂದರೆ ಐದು ಬೇರೆ ಬೇರೆ ಕಡತಗಳು.

ಮೊದಲ ಸಲ ಫೋಲ್ಡರ್ ಕಳಿಸಿದಾಗ ಮಾವ ಪೆನ್‌ಡ್ರೈವ್‌ನಿಂದ ನಾಲ್ಕೇ ಕಡತಗಳನ್ನು ನಕಲು ಮಾಡಿಕೊಂಡರು. ಜಿಪ್ ಮಾಡಿ ಕೊಟ್ಟರೆ ಅದನ್ನು ಬಿಚ್ಚಿ ಎಲ್ಲೋ ಹರಡಿಟ್ಟರು. “ಒಂದೇ ಒಂದು ಕಡತ ಕೊಡಪ್ಪ, ಒತ್ತಿದರೆ ಓಡಬೇಕು” ಎಂದರು. ಕೇಳಿದ್ದು ನ್ಯಾಯವಾಗಿಯೇ ಇತ್ತು.

ಐದನ್ನೂ ಒಂದೇ ಕಡತದಲ್ಲಿ ಅಂಟಿಸಬಹುದಿತ್ತು. ಆದರೆ ಬರೆದದ್ದನ್ನು ಪೈಥಾನ್ ಮೊದಲು ಬೈಟ್‌ಕೋಡ್ ಎಂಬ ತಾನು ಓಡಿಸಬಲ್ಲ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ; ಅದೇ ಕಂಪೈಲ್ ಮಾಡುವುದು. ಇನ್ನೊಂದು ಕಡತ ಕರೆಸಿಕೊಳ್ಳುವ, ಅಂದರೆ ಇಂಪೋರ್ಟ್ ಆಗುವ ಮಾಡ್ಯೂಲ್‌ನ ಬೈಟ್‌ಕೋಡನ್ನು ಅದು ಉಳಿಸಿಟ್ಟುಕೊಳ್ಳುತ್ತದೆ, ನೇರವಾಗಿ ಓಡಿಸುವ ಕಡತದ್ದನ್ನು ಉಳಿಸುವುದಿಲ್ಲ. ಮಾವನ ಹಳೆಯ ಯಂತ್ರ ಅಷ್ಟುದ್ದದ ಪಟ್ಟಿಯನ್ನು ಪ್ರತಿ ಸಲವೂ ಹೊಸದಾಗಿ ಕಂಪೈಲ್ ಮಾಡುತ್ತ ಕೂರಬೇಕು. ಹಾಗಾಗಿ ಮಾಡ್ಯೂಲ್‌ಗಳನ್ನು ಮೊದಲೇ ಕಂಪೈಲ್ ಮಾಡಿ, ಸಿಕ್ಕ ಬೈಟ್‌ಗಳನ್ನು ಜಿಲಿಬ್ ಎಂಬ ಸಲಕರಣೆಯಿಂದ ಕುಗ್ಗಿಸಿ, ಬೈಟ್‌ಗಳನ್ನು ಸಾದಾ ಅಕ್ಷರಗಳಲ್ಲಿ ಬರೆಯುವ ಬೇಸ್64 ರೂಪದಲ್ಲಿ ಮುಖ್ಯ ಕಡತದೊಳಗೇ ಇಟ್ಟೆ. ಇಂಪೋರ್ಟ್ ಎಂದಾಗ ಪೈಥಾನ್ ಸಿಸ್.ಮೆಟಾ_ಪಾತ್ ಪಟ್ಟಿಯಲ್ಲಿರುವ ಶೋಧಕಗಳನ್ನು ಒಂದೊಂದಾಗಿ ವಿಚಾರಿಸುತ್ತದೆ. ಆ ಪಟ್ಟಿಯ ತಲೆಯಲ್ಲಿ ನನ್ನದೊಂದನ್ನು ಸೇರಿಸಿದೆ. ಕೇಳಿದ ಹೆಸರು ತನ್ನಲ್ಲಿದ್ದರೆ ಅದು ಬೈಟ್‌ಗಳನ್ನು ಪೈಥಾನ್‌ನದೇ ಮಾರ್ಷಲ್ ಎಂಬ ಸಲಕರಣೆಯಿಂದ ಕೋಡ್ ಆಗಿ ಬಿಡಿಸಿ, ಹೊಸ ಮಾಡ್ಯೂಲ್‌ನೊಳಗೆ ಓಡಿಸುತ್ತದೆ. ಮೂವತ್ತು ಸಾಲೂ ಆಗಲಿಲ್ಲ. ಮೊದಲ ಸಲ ಓಡಿದಾಗ ಆದ ಸಂತೋಷ ಇನ್ನೂ ನೆನಪಿದೆ.

ಶನಿವಾರ ಬೆಳಗ್ಗೆ ಬೆಂಗಳೂರಿನಿಂದ ರೈಲು ಹತ್ತಿದೆ. ಹತ್ತೂವರೆಗೆ ಮಾವನ ಯಂತ್ರದಲ್ಲಿ ಕಡತ ಒತ್ತಿದರೆ ಬಂದದ್ದು ‘ಬ್ಯಾಡ್ ಮಾರ್ಷಲ್ ಡೇಟಾ’ ಎಂಬ ಒಂದು ಸಾಲು. ಪೆನ್‌ಡ್ರೈವ್ ಕೆಟ್ಟಿದೆಯೆಂದು ಇನ್ನೊಮ್ಮೆ ನಕಲು ಮಾಡಿದೆ. ಬೇಸ್64 ಸಾಲುಗಳನ್ನು ಪರೀಕ್ಷಿಸಿದೆ. ಒಂದಕ್ಷರವೂ ವ್ಯತ್ಯಾಸವಿರಲಿಲ್ಲ. ಮಾವ ಎರಡು ಸಲ ಕಾಫಿ ತರಿಸಿದರು.

ಮಧ್ಯಾಹ್ನದ ಹೊತ್ತಿಗೆ ಹೊಳೆಯಿತು. ಅವರದು ವಿಂಡೋಸ್ 7. ಅದರ ಮೇಲೆ ನಡೆಯುವ ಕೊನೆಯ ಪೈಥಾನ್ 3.8. ನಾನು ಕಂಪೈಲ್ ಮಾಡಿದ್ದು 3.11ರಲ್ಲಿ. ಬೈಟ್‌ಕೋಡ್ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ, ಕೋಡ್ ವಸ್ತುವನ್ನು ಬರೆದಿಡುವ ಕ್ರಮವೂ ಬದಲಾಗುತ್ತದೆ. ಇದು ನನಗೆ ತಿಳಿಯದ ಸಂಗತಿಯೇನಲ್ಲ. ಹಾಗಾದರೆ ಪೈಥಾನ್ ಅದನ್ನು ನೇರವಾಗಿ ಏಕೆ ಹೇಳಲಿಲ್ಲ?

ಹೇಳುವ ಬಾಯನ್ನು ನಾನೇ ಕತ್ತರಿಸಿದ್ದೆ. ಕಂಪೈಲ್ ಆದ ಕಡತದ ಮೊದಲ 16 ಬೈಟ್ ಬರೀ ತಲೆಬರಹ, ಕೋಡ್ ಇರುವುದು ಅದರ ನಂತರ. ತೆಂಗಿನಕಾಯಿ ಸುಲಿದಂತೆ ಅದನ್ನು ಸುಲಿದು ಎಸೆದು, ತಿರುಳನ್ನಷ್ಟೇ ಒಳಗಿಟ್ಟಿದ್ದೆ. ಎಸೆದದ್ದರ ಮೊದಲ ನಾಲ್ಕು ಬೈಟ್‌ಗಳಲ್ಲೇ ಆವೃತ್ತಿಯ ಗುರುತು ಇರುತ್ತದೆ. ಮೊದಲೆರಡು ಬೈಟ್ ಒಂದು ಸಂಖ್ಯೆ: 3.8ಕ್ಕೆ 3413, 3.11ಕ್ಕೆ 3495. ಉಳಿದೆರಡು 13 ಮತ್ತು 10, ಅಂದರೆ ಸಾಲು ಮುರಿಯುವ ಚಿಹ್ನೆಗಳು. ಯಾರಾದರೂ ಕಡತವನ್ನು ಪಠ್ಯವೆಂದು ತಿಳಿದು ನಕಲು ಮಾಡಿದರೆ ಅವೇ ಕೆಟ್ಟು, ತಪ್ಪು ಅಲ್ಲೇ ಸಿಕ್ಕಿಬೀಳಲಿ ಎಂದು ಇಟ್ಟ ಏರ್ಪಾಡು. ನಾಲ್ಕು ಬೈಟ್‌ಗಳ ಹಿಂದೆ ಎಷ್ಟು ಮುಂದಾಲೋಚನೆ! ಎಲ್ಲಿಂದಲೋ ಬಂದ ಕೋಡನ್ನು ಬಾಗಿಲಲ್ಲಿ ನಿಲ್ಲಿಸಿ ಊರು ಕೇಳುವ ಕಾವಲುಗಾರನನ್ನು ನಾನು ಭಾರವೆಂದು ಬಿಟ್ಟು ಬಂದಿದ್ದೆ.

ಮಾವನ ಯಂತ್ರದಲ್ಲೇ ಕೂತು ತಿದ್ದಿದೆ. ಆ ನಾಲ್ಕು ಬೈಟ್‌ಗಳನ್ನು ಮರಳಿ ಸೇರಿಸಿ, ಓಡುತ್ತಿರುವ ಪೈಥಾನ್‌ನ ಗುರುತಿನೊಂದಿಗೆ ಹೋಲಿಸಿ ನೋಡುವಂತೆ ಮಾಡಿದೆ. ಹೊಂದದಿದ್ದರೆ ಮೂಲ ಬರಹದಿಂದಲೇ ಕಂಪೈಲ್ ಆಗಲೆಂದು ಅದನ್ನೂ ಕುಗ್ಗಿಸಿ ಒಳಗಿಟ್ಟೆ. ಕಡತ ದಪ್ಪವಾಯಿತು, ಆಗಲಿ. ಆಮೇಲೆ ಅಲ್ಲಿನ 3.8ರಲ್ಲೇ ಎಲ್ಲವನ್ನೂ ಹೊಸದಾಗಿ ಕಟ್ಟಿದೆ.

ನಾಲ್ಕು ಗಂಟೆಗೆ ಮಾವ ತಾವೇ ಒತ್ತಿದರು. ಅವರು ಹುಡುಕಿ ಕೊಟ್ಟ ಮೊದಲ ಕಡತ ನನ್ನ ಅಕ್ಕನ ಲಗ್ನಪತ್ರಿಕೆ. ಕನ್ನಡಕ ಏರಿಸಿಕೊಂಡು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದುತ್ತ ಕೆಳಗಿಳಿದು, ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು: “ಆಶೀರ್ವಾದವೇ ಉಡುಗೊರೆ.” ಅರ್ಕಾವತ್ತು ತನ್ನ ಜಾಗದಲ್ಲೇ ಇತ್ತು.