ಸರಪಳಿ ಒಂದೊಂದೇ ಅಡಿ ಉದ್ದವಾದಾಗ

2007ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ತಕಾವೊ ಕಾಟೊ ಅವರು ಎಸ್ಕೇಪ್ ರೂಮ್ ಆಟವನ್ನು, ಅಂದರೆ ಕೋಣೆಯೊಂದರಲ್ಲಿ ಸಿಕ್ಕಿಕೊಂಡವರು ಒಗಟುಗಳನ್ನು ಬಿಡಿಸಿ ಹೊರಬರಬೇಕಾದ ಆಟವನ್ನು, ಆರಂಭಿಸಿದಾಗ ಅದು ಮುಖ್ಯವಾಗಿ ಬುದ್ಧಿಗೆ ಕೆಲಸ ಕೊಡುವ ಆಟವಾಗಿತ್ತು. ಅದೇ ಕೋಣೆಯೊಳಗೆ ಬಣ್ಣ ಹಚ್ಚಿಕೊಂಡ ನಟನೊಬ್ಬನನ್ನು ಬಿಟ್ಟರೆ ಬುದ್ಧಿಯ ಗತಿ ಏನಾಗುತ್ತದೆ ಎಂಬುದು ನನಗೆ ತಿಳಿದದ್ದು ಅಮೆರಿಕದಲ್ಲಿ ಸಹೋದ್ಯೋಗಿಗಳೊಂದಿಗೆ ಜೋಂಬಿ (ಎದ್ದು ಓಡಾಡುವ ಹೆಣ) ಆಟವೊಂದನ್ನು ಆಡಿದ ಮೇಲೆ.

ಆಟದ ನಿಯಮ ಬಹಳ ಸರಳ. ಜೋಂಬಿ ವೇಷದ ನಟನನ್ನು ಗೋಡೆಗೆ ಸರಪಳಿಯಿಂದ ಬಿಗಿದಿರುತ್ತಾರೆ. ಐದು ನಿಮಿಷಕ್ಕೊಮ್ಮೆ ಬಜರ್ ಕೂಗುತ್ತದೆ, ಸರಪಳಿ ಒಂದು ಅಡಿ ಸಡಿಲವಾಗುತ್ತದೆ. ಅವನ ಕೈ ತಗುಲಿದವರು ನಿಂತಲ್ಲೇ ನಿಲ್ಲಬೇಕು, ಬಾಯಿಂದ ಸಲಹೆ ಕೊಡಬಹುದೇ ಹೊರತು ಏನನ್ನೂ ಮುಟ್ಟುವಂತಿಲ್ಲ. ಮೊದಲ ಬಜರ್ ಕೇಳಿದಾಗ ನಾವೆಲ್ಲ ನಕ್ಕೆವು. ನಾಲ್ಕನೆಯದರ ಹೊತ್ತಿಗೆ, ಸುಳಿವಿನ ಕಾಗದಗಳಿದ್ದ ಮೇಜು ಅವನ ಕೈಗೆಟುಕುವ ಜಾಗಕ್ಕೆ ಸೇರಿಹೋಗಿತ್ತು.

ನನ್ನ ಪಾಲಿಗೆ ಬಂದದ್ದು ನಾಲ್ಕು ಅಂಕಿಯ ಬೀಗ. ಸಂಖ್ಯೆ ಗೊತ್ತಿತ್ತು, ಹಿಂದಿನಿಂದ ಒಬ್ಬರು ಅದನ್ನು ಕೂಗಿ ಹೇಳುತ್ತಲೂ ಇದ್ದರು. ಆದರೂ ಬೆವೆತ ಬೆರಳು ಏಳರಲ್ಲಿ ನಿಲ್ಲಬೇಕಾದಲ್ಲಿ ಎಂಟಕ್ಕೆ ಜಾರುತ್ತಿತ್ತು, ತಿದ್ದಲು ಹೋದರೆ ಪಕ್ಕದ ಅಂಕಿ ತಿರುಗುತ್ತಿತ್ತು. ಒಗಟು ಕಷ್ಟವಾಗಿರಲಿಲ್ಲ, ಬೆನ್ನ ಹಿಂದಿನ ಉಸಿರಾಟದ ಸದ್ದು ಕಷ್ಟವಾಗಿತ್ತು. ಕಚೇರಿಯಲ್ಲಿ ಎಲ್ಲರಿಗೂ ಕೆಲಸ ಹಂಚುವವರು ಮೂಲೆ ಹಿಡಿದು ನಿಂತರು. ಸಭೆಗಳಲ್ಲಿ ತುಟಿ ಬಿಚ್ಚದ ಹುಡುಗಿ ಜೋಂಬಿಯ ಮುಂದೆ ಅತ್ತಿತ್ತ ಓಡಾಡಿ ಅವನ ಗಮನ ತನ್ನತ್ತ ಸೆಳೆದುಕೊಂಡು, ನಮಗೆ ಮೇಜಿನ ಬಳಿ ಹೋಗಲು ದಾರಿ ಮಾಡಿಕೊಟ್ಟಳು. (ಅವರವರ ನಿಜ ಸ್ವಭಾವ ಬಯಲಾಯಿತು ಎಂದು ಇದನ್ನು ಅರ್ಥೈಸುವುದು ಅತಿಯಾದೀತು.)

ಹಣ ಕೊಟ್ಟು ಹೆದರಿಸಿಕೊಳ್ಳುವುದೇಕೆ ಎಂಬ ಪ್ರಶ್ನೆಯನ್ನು ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ಗಂಭೀರವಾಗಿಯೇ ಕೈಗೆತ್ತಿಕೊಂಡಿದ್ದಾರೆ. ವೈಲೆ ಪಟ್ಟಣದಲ್ಲಿ ನಟರೇ ಬಂದು ಹೆದರಿಸುವ ಭೂತಬಂಗಲೆಯೊಂದಕ್ಕೆ 110 ಜನರನ್ನು ಹೃದಯ ಬಡಿತ ಅಳೆಯುವ ಸಾಧನ ಕಟ್ಟಿ ಕಳುಹಿಸಿದ ಅವರ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಭಯ ತೀರಾ ಕಡಿಮೆಯಾದರೂ ತೀರಾ ಹೆಚ್ಚಾದರೂ ಸಂತೋಷ ಕುಗ್ಗುತ್ತದೆ, ನಡುವಿನ ಹದದಲ್ಲಿ ಅದು ಅತಿ ಹೆಚ್ಚು ಎಂಬುದು ಅವರು ಕಂಡುಕೊಂಡ ವಿಷಯ. ಕ್ಯಾಮೆರಾ, ಧ್ವನಿಮುದ್ರಿತ ಕಿರುಚಾಟಗಳಿಂದ ಈ ಹದ ಸಿಗಲಾರದು. ಎದುರಿಗಿರುವವರ ಮುಖ ನೋಡಿ ಹೆಜ್ಜೆ ಇಡುವ ಮನುಷ್ಯನೇ ಬೇಕು ಎಂಬುದು ನನ್ನ ಅನಿಸಿಕೆ.

ಬಾಗಿಲಿನ ವಿಷಯ ಮಾತ್ರ ಹುಡುಗಾಟವಲ್ಲ. 2019ರ ಜನವರಿ 4ರಂದು ಪೋಲೆಂಡಿನ ಕೊಶಾಲಿನ್ ನಗರದ ಎಸ್ಕೇಪ್ ರೂಮ್ ಒಂದರಲ್ಲಿ ಬೆಂಕಿ ಹೊತ್ತಿಕೊಂಡು, ಹೊರಬರಲಾಗದೆ ಹದಿನೈದು ವರ್ಷದ ಐವರು ಹುಡುಗಿಯರು ಸತ್ತರು. ನಾವು ಆಡಿದ ಕಡೆ ಆಟಕ್ಕೆ ಮುಂಚೆಯೇ ಬಾಗಿಲನ್ನು ತೆರೆದು ತೋರಿಸಿ, ಬೇಡವೆನಿಸಿದರೆ ಯಾವಾಗ ಬೇಕಾದರೂ ಹೋಗಬಹುದೆಂದು ಹೇಳಿದ್ದರು. ಮೂಲೆ ಹಿಡಿದಿದ್ದ ನಮ್ಮ ಸಹೋದ್ಯೋಗಿ ಅರ್ಧ ಆಟಕ್ಕೆ ಹಾಗೆಯೇ ಹೊರಗೆ ಹೋಗಿ, ಉಳಿದದ್ದನ್ನು ಸಿಬ್ಬಂದಿಯ ಪಕ್ಕದಲ್ಲಿ ಕುಳಿತು ಪರದೆಯ ಮೇಲೆ ನೋಡಿದರು. ಕೈ ಚಾಚುವ ಮುನ್ನ ಆ ನಟ ಪ್ರತಿ ಸಲವೂ ಅರೆಕ್ಷಣ ತಡೆದು, ನಾವು ತಪ್ಪಿಸಿಕೊಳ್ಳಲು ಜಾಗ ಕೊಡುತ್ತಿದ್ದನೆಂದು ನಮಗೆ ಆಮೇಲೆ ತಿಳಿಸಿದವರು ಅವರೇ.